ಒಂದು ಜೇಬಿನಲ್ಲಿ ಡಾಲರ್, ಇನ್ನೊಂದರಲ್ಲಿ ಕುರ್‌ಆನ್: 'ದಿ ಮೆಸೇಜ್' ಮಾಡಿದ ಮುಸ್ತಫಾ ಅಕ್ಕಾದ್

ಸಿರಿಯಾದ ಹಲಬ್ ಪಟ್ಟಣದ ಹೆಸರು ನಮ್ಮಲ್ಲಿ ಕಿತಾಬು ಓದಿದವರಿಗೆ ಹೊಸದಲ್ಲ. ಹಲಬೀ ಎಂಬ ಹೆಸರು ಹೊತ್ತ ಆಲಿಮ್ ಒಬ್ಬರು ಬರೆದ ಸೀರತ್ ಗ್ರಂಥ 'ಸೀರತುಲ್ ಹಲಬಿಯ್ಯಾ'ದ ಹೆಸರನ್ನು ವಅಳ್‌ಗಳಲ್ಲಿ ಕೇಳಿದವರು ಇದ್ದಾರೆ. ಇಂಗ್ಲಿಷಿನವರು ಆ ಊರನ್ನು ಅಲೆಪ್ಪೊ ಅನ್ನುತ್ತಾರೆ. ಪ್ರವಾದಿ(ಸ)ಯವರ ಸೀರತ್ತನ್ನು ಸಿನಿಮಾ ಪರದೆಗೆ ತಂದ ಮುಸ್ತಫಾ ಅಕ್ಕಾದ್ ಹುಟ್ಟಿದ್ದು ಆ ಊರಿನಲ್ಲೇ, 1930ರಲ್ಲಿ. ಆಗ ಸಿರಿಯಾ ಫ್ರೆಂಚರ ಕೈಯಲ್ಲಿತ್ತು. ತಂದೆ ಕಸ್ಟಮ್ಸ್ ಇಲಾಖೆಯ ನೌಕರ. ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಅಷ್ಟೆ.

ಹುಡುಗನಿಗೆ ಒಂದೇ ಹುಚ್ಚು. ಅಮೆರಿಕಕ್ಕೆ ಹೋಗಿ ಸಿನಿಮಾ ನಿರ್ದೇಶಕ ಆಗಬೇಕು. ಇವತ್ತು ನಮ್ಮ ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಒಬ್ಬ ಹುಡುಗ ಎಸೆಸೆಲ್ಸಿ ಮುಗಿಸಿ ಮನೆಯಲ್ಲಿ ಹೀಗೆ ಹೇಳಿದರೆ ಏನಾಗಬಹುದು, ನೀವೇ ಯೋಚಿಸಿ. ಉಮ್ಮ ಅಳುತ್ತಾರೆ, ಬಾಪ ಊಟಕ್ಕೆ ಕೂತಲ್ಲಿಂದ ಎದ್ದು ಹೋಗುತ್ತಾರೆ, ಮರುದಿನ ಬೆಳಿಗ್ಗೆ ಉಸ್ತಾದರಿಗೆ ಫೋನ್ ಬರುತ್ತದೆ, "ನೀವೊಮ್ಮೆ ಇವನಿಗೆ ಬುದ್ಧಿ ಹೇಳಿ" ಅಂತ. ಅಕ್ಕಾದರ ತಂದೆ ಹಾಗೆ ಮಾಡಲಿಲ್ಲ. ಮಗನನ್ನು ಅಮೆರಿಕಕ್ಕೆ ಕಳಿಸಿ ಓದಿಸುವಷ್ಟು ದುಡ್ಡು ತನ್ನಲ್ಲಿಲ್ಲ ಎಂದು ನೇರವಾಗಿ ಹೇಳಿದರು. ಆದರೂ ಮಗ ಹೊರಟು ನಿಂತಾಗ ಒಂದು ಜೇಬಿಗೆ 200 ಡಾಲರ್, ಇನ್ನೊಂದು ಜೇಬಿಗೆ ಒಂದು ಕುರ್‌ಆನ್ ಇಟ್ಟರು. ನನ್ನಿಂದ ಕೊಡಲಿಕ್ಕೆ ಆಗುವುದು ಇಷ್ಟೇ ಎಂದರು. ಈ ಸಂಗತಿಯನ್ನು ಅಕ್ಕಾದ್ ಮುಂದೆ ದೊಡ್ಡ ಹೆಸರು ಮಾಡಿದ ಮೇಲೂ ಸಂದರ್ಶನಗಳಲ್ಲಿ ಹೇಳುತ್ತಿದ್ದರು.

ನಮ್ಮವರೂ ಮಕ್ಕಳನ್ನು ದಮ್ಮಾಮಿಗೋ ದುಬೈಗೋ ಕಳಿಸುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಒಣಮೀನಿನ ಜೊತೆಗೆ ಒಂದು ಸಣ್ಣ ಯಾಸೀನ್ ಕಿತಾಬು ಇಟ್ಟೇ ಇಡುತ್ತಾರೆ. ಹೋದವರಲ್ಲಿ ಎಷ್ಟು ಮಂದಿ ಅದನ್ನು ಬಿಡಿಸಿ ನೋಡುತ್ತಾರೆ ಎಂಬುದು ಬೇರೆ ಮಾತು. ಅಕ್ಕಾದರ ಜೇಬಿನ 200 ಡಾಲರ್ ಕೆಲವೇ ವಾರದಲ್ಲಿ ಮುಗಿದಿರಬೇಕು. ಇನ್ನೊಂದು ಜೇಬಿನದ್ದು ಇಪ್ಪತ್ತು ವರ್ಷ ಕಳೆದು ಕೆಲಸಕ್ಕೆ ಬಂತು.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಸಿನಿಮಾ ಓದಿದರು. 1958ರಲ್ಲಿ ಪದವಿ ಸಿಕ್ಕಿತು. ಆಮೇಲೆ ಅದೇ ಊರಿನ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು. ಓದು ಮುಗಿದರೂ ಹಾಲಿವುಡ್‌ನಲ್ಲಿ ಹಲಬ್‌ನ ಹುಡುಗನಿಗೆ ಬಾಗಿಲು ತೆರೆಯುವವರು ಯಾರು? ಸ್ಯಾಮ್ ಪೆಕಿನ್‌ಪಾ ಎಂಬ ನಿರ್ದೇಶಕ ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದ ಬಗ್ಗೆ ಒಂದು ಸಿನಿಮಾ ಮಾಡಬೇಕೆಂದಿದ್ದರು. ಅರಬರ ವಿಷಯ ಗೊತ್ತಿರುವ ಒಬ್ಬ ಸಹಾಯಕ ಬೇಕಿತ್ತು, ಅಕ್ಕಾದರನ್ನು ಕರೆದರು. ಅಷ್ಟರಲ್ಲಿ 1962ರಲ್ಲಿ ಅಲ್ಜೀರಿಯಾಕ್ಕೆ ಸ್ವಾತಂತ್ರ್ಯವೇ ಬಂತು, ಸಿನಿಮಾ ಅಲ್ಲಿಗೇ ನಿಂತಿತು. ಆದರೆ ಪೆಕಿನ್‌ಪಾ ಈ ಹುಡುಗನ ಕೈ ಬಿಡಲಿಲ್ಲ, ಗುರುವಿನ ಹಾಗೆ ದಾರಿ ತೋರಿಸಿದರು. ನಂತರ ಟಿ.ವಿ. ಕಂಪೆನಿಯ ಕೆಲಸ, ಆಮೇಲೆ ಸ್ವಂತ ನಿರ್ಮಾಣ ಸಂಸ್ಥೆ. ಹೀಗೆ ವರ್ಷಗಳು ಹೋದವು.

ಅಮೆರಿಕದಲ್ಲೇ ಮದುವೆಯಾಯಿತು, ಮಕ್ಕಳಾದವು. ಆ ದೇಶದಲ್ಲಿ ಅರಬ ಎಂದರೆ ಒಂಟೆ, ಎಣ್ಣೆ, ಇಲ್ಲವೇ ಕತ್ತಿ ಹಿಡಿದ ಖಳನಾಯಕ. ಕೋಟಿಗಟ್ಟಲೆ ಜನ ನಂಬುವ ದೀನ್ ಬಗ್ಗೆ ನೆರೆಮನೆಯವರಿಗೆ ಒಂದಕ್ಷರ ಗೊತ್ತಿಲ್ಲ. ಪಶ್ಚಿಮದಲ್ಲಿ ಬದುಕುವ ಒಬ್ಬ ಮುಸ್ಲಿಮನಾಗಿ ಇಸ್ಲಾಮಿನ ಸತ್ಯವನ್ನು ಅವರಿಗೆ ತಿಳಿಸುವುದು ತನ್ನ ಮೇಲಿರುವ ಬಾಧ್ಯತೆ ಎಂದು ಅಕ್ಕಾದ್ ಹೇಳುತ್ತಿದ್ದರು. ಆ ಬಾಧ್ಯತೆ ತೀರಿಸಲು ಅವರ ಬಳಿ ಇದ್ದದ್ದು ಒಂದೇ ಕಸುಬು.

ಇಲ್ಲಿಂದ ಕಷ್ಟದ ಕಥೆ ಶುರು.

ಪ್ರವಾದಿ(ಸ)ಯವರ ಜೀವನದ ಸಿನಿಮಾ. ಆದರೆ ಪ್ರವಾದಿಯವರನ್ನು ತೋರಿಸುವ ಹಾಗಿಲ್ಲ. ಮುಖ ಮಾತ್ರ ಅಲ್ಲ, ನೆರಳೂ ಬೀಳಬಾರದು, ಧ್ವನಿಯೂ ಕೇಳಬಾರದು. ಅವರ ಪತ್ನಿಯರು, ಹೆಣ್ಣುಮಕ್ಕಳು, ಅಳಿಯಂದಿರು, ನಾಲ್ವರು ಖಲೀಫರು, ಇವರನ್ನೂ ತೋರಿಸಬಾರದು. ಸಿನಿಮಾ ಕಸುಬು ಗೊತ್ತಿರುವ ಯಾರಿಗೇ ಹೇಳಿ, ನಕ್ಕುಬಿಡುತ್ತಾರೆ. ಕಥಾನಾಯಕನೇ ಇಲ್ಲದೆ ಮೂರು ಗಂಟೆ ಸಿನಿಮಾ ಹೇಗೆ ಮಾಡುತ್ತೀರಿ?

ಈ ನಿಯಮ ಯಾಕೆ ಎಂದು ನಮ್ಮ ಮದ್ರಸದ ಐದನೇ ತರಗತಿಯ ಮಕ್ಕಳಿಗೂ ಗೊತ್ತು. ಚಿತ್ರದಿಂದ ಶುರುವಾಗಿ ಪೂಜೆಯಲ್ಲಿ ಮುಗಿದ ಸಮುದಾಯಗಳ ಕಥೆ ನಾವು ಪಾಠದಲ್ಲಿ ಹೇಳುತ್ತೇವೆ. ಇನ್ನೊಂದು ಕಾರಣವೂ ಇದೆ. ಯಾವ ನಟನ ಮುಖವನ್ನಾದರೂ ಆ ಜಾಗದಲ್ಲಿ ಇಟ್ಟರೆ, ಮರುದಿನ ಸ್ವಲಾತ್ ಹೇಳುವಾಗ ಆ ನಟನ ಮುಖವೇ ಕಣ್ಣ ಮುಂದೆ ಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಏನಿದೆ?

ಅಕ್ಕಾದ್ ಈ ನಿಯಮದೊಂದಿಗೆ ಜಗಳ ಮಾಡಲಿಲ್ಲ. ಅದನ್ನು ಹಾಗೆಯೇ ಒಪ್ಪಿಕೊಂಡು ಕೂತು ದಾರಿ ಹುಡುಕಿದರು. ಐರಿಶ್ ಲೇಖಕ ಎಚ್.ಎ.ಎಲ್. ಕ್ರೇಗ್ ಚಿತ್ರಕಥೆ ಬರೆದರು. ಜೊತೆಗೆ ತೌಫೀಕ್ ಅಲ್ ಹಕೀಮ್ ಸೇರಿದಂತೆ ಈಜಿಪ್ಟಿನ ದೊಡ್ಡ ಸಾಹಿತಿಗಳು ಕೂತರು. ಕೈರೋದ ಅಲ್ ಅಝ್‌ಹರ್‌ನ ವಿದ್ವಾಂಸರು, ಲೆಬನಾನ್‌ನ ಶಿಯಾ ಮಂಡಳಿಯವರು ಚಿತ್ರಕಥೆ ಓದಿ ಒಪ್ಪಿಗೆ ಕೊಟ್ಟರು.

ಪರಿಹಾರ ಕೇಳಿದರೆ ಬಹಳ ಸರಳ. ಕ್ಯಾಮೆರಾವನ್ನೇ ಪ್ರವಾದಿಯವರು ನಿಂತ ಜಾಗದಲ್ಲಿ ಇಟ್ಟರು. ಮಾತಾಡುವವರು ನೇರ ಕ್ಯಾಮೆರಾ ನೋಡಿ ಮಾತಾಡುತ್ತಾರೆ, ಸುಮ್ಮನಾಗುತ್ತಾರೆ, ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುತ್ತಾರೆ. ಹಿಂದೆ ಒಂದು ಮೆಲು ಸಂಗೀತ. ಉತ್ತರ ನಮಗೆ ಕೇಳುವುದಿಲ್ಲ. ಹಝ್ರತ್ ಹಂಝ(ರ) ಅಥವಾ ಝೈದ್(ರ) ಅದನ್ನು ತಮ್ಮ ಬಾಯಲ್ಲಿ ಹೇಳಿದಾಗ ಗೊತ್ತಾಗುತ್ತದೆ. ಬದ್ರ್ ಯುದ್ಧದಲ್ಲಿ ಅಲಿ(ರ)ಯವರು ಬರಲೇಬೇಕು, ಬಿಡಲಿಕ್ಕಾಗುವುದಿಲ್ಲ. ಅಲ್ಲಿ ಎರಡು ಮೊನೆಯ ಕತ್ತಿಯೊಂದು ಪರದೆಯ ಅಂಚಿನಿಂದ ಬರುತ್ತದೆ. ಹಿಡಿದ ಕೈಯೂ ಕಾಣದು. ಮದೀನಕ್ಕೆ ಬರುವಾಗ ಒಂಟೆ ಕಾಣುತ್ತದೆ, ದಾರಿ ಕಾಯುತ್ತಿದ್ದ ಜನರ ಮುಖದ ಸಂತೋಷ ಕಾಣುತ್ತದೆ.

ನಾನು ಹೈಸ್ಕೂಲ್‌ನಲ್ಲಿರುವಾಗ ಗಲ್ಫ್‌ನಿಂದ ರಜೆಗೆ ಬಂದ ನೆರೆಮನೆಯ ಕಾಕ ತಂದ ವಿಡಿಯೊ ಕ್ಯಾಸೆಟ್‌ನಲ್ಲಿ ಈ ಚಿತ್ರವನ್ನು ಮೊದಲು ನೋಡಿದ್ದು. ಚಾವಡಿ ತುಂಬ ಜನ, ಹೆಂಗಸರು ಒಳಕೋಣೆಯ ಬಾಗಿಲ ಸಂದಿಯಲ್ಲಿ. ಭಾಷೆ ಅರ್ಧ ಅರ್ಥವಾಗಲಿಲ್ಲ. ಬಿಲಾಲ್(ರ) ಎದೆಯ ಮೇಲೆ ಕಲ್ಲು ಹೇರುವಾಗ ಒಳಗಿನಿಂದ ಅಳುವ ಸದ್ದು ಬಂತು. ಆಮೇಲೆ ಅದೇ ಬಿಲಾಲ್ ಎತ್ತರಕ್ಕೆ ಹತ್ತಿ ಅಝಾನ್ ಕೊಡುವಾಗ ಚಾವಡಿಯಲ್ಲಿ ಕೂತಿದ್ದ ಹಿರಿಯರು, ಸಿನಿಮಾ ಎಂಬುದನ್ನು ಮರೆತು, ಒಂದೊಂದೇ ಮಾತಿಗೆ ಜವಾಬು ಹೇಳುತ್ತಿದ್ದರು. ನಮ್ಮ ಕರಾವಳಿಯಲ್ಲಿ ನಲವತ್ತು ದಾಟಿದ ಎಷ್ಟೋ ಮಂದಿಗೆ ಇಂಥದ್ದೊಂದು ನೆನಪು ಇದ್ದೀತು. ಆದರೆ ಅದನ್ನು ಮಾಡಿದವರು ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಕೆಲವರು ಈಗಲೂ "ಅದು ಇಂಗ್ಲಿಷಿನವರು ಮಾಡಿದ್ದಲ್ವಾ" ಅನ್ನುತ್ತಾರೆ.

ಅಕ್ಕಾದ್ ಮಾಡಿದ ಇನ್ನೊಂದು ಕೆಲಸ ಹೇಳಲೇಬೇಕು. ಅವರು ಒಂದಲ್ಲ, ಎರಡು ಸಿನಿಮಾ ಮಾಡಿದರು. ಇಂಗ್ಲಿಷ್‌ನಲ್ಲಿ ಹಂಝ(ರ) ಪಾತ್ರಕ್ಕೆ ಆಂಟನಿ ಕ್ವಿನ್, ಹಿಂದ್ ಪಾತ್ರಕ್ಕೆ ಐರೀನ್ ಪಾಪಾಸ್. ಅರಬಿಯಲ್ಲಿ ಅವೇ ಪಾತ್ರಗಳಿಗೆ ಈಜಿಪ್ಟಿನ ಅಬ್ದುಲ್ಲಾ ಗೈತ್, ಸಿರಿಯಾದ ಮುನಾ ವಾಸಿಫ್. ಅದೇ ಸೆಟ್, ಅದೇ ಮರಳು. ಒಂದು ತಂಡ ನಟಿಸಿ ಬದಿಗೆ ನಿಂತರೆ ಇನ್ನೊಂದು ತಂಡ ಬಂದು ಅದೇ ದೃಶ್ಯ ಅರಬಿಯಲ್ಲಿ ಮಾಡಬೇಕು. ಡಬ್ಬಿಂಗ್ ಮಾಡಿ ಮುಗಿಸಬಹುದಿತ್ತು, ಖರ್ಚು ಅರ್ಧ ಉಳಿಯುತ್ತಿತ್ತು. ಅರಬಿಯ ಮಾತಿಗೆ ಅದರದ್ದೇ ಆದ ನಡೆ, ಅದರದ್ದೇ ಆದ ನಟನೆ ಇದೆ, ತುಟಿ ಹೊಂದಿಸಿದರೆ ಸಾಲದು ಎಂಬುದು ಅವರ ಹಠ. ಸ್ವಂತ ಭಾಷೆಯ ಮೇಲೆ ಅಷ್ಟು ಮರ್ಯಾದೆ ಇಟ್ಟವರನ್ನು ಕಂಡರೆ ಬ್ಯಾರಿ ಮಾತಾಡುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ನಮ್ಮ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ನೇ ಸಾಲಿನ ರಾಷ್ಟ್ರೀಯ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಾಗ ನಾವು ನಾಲ್ಕು ದಿನ ಸಂತೋಷಪಟ್ಟೆವು, ಆಮೇಲೆ ಮಕ್ಕಳೊಂದಿಗೆ ಮತ್ತೆ ಮುರುಕು ಇಂಗ್ಲಿಷ್‌ನಲ್ಲೇ ಮಾತು. ಇರಲಿ.

ದುಡ್ಡಿನ ವಿಷಯಕ್ಕೆ ಬರೋಣ. ಹಾಲಿವುಡ್‌ನಲ್ಲಿ ಇಂಥ ಚಿತ್ರಕ್ಕೆ ದುಡ್ಡು ಹಾಕುವವರಿರಲಿಲ್ಲ. ಕುವೈತ್, ಮೊರಾಕ್ಕೋ, ಲಿಬಿಯಾ ದೇಶಗಳು ನೆರವಿಗೆ ಬಂದವು. ಮೊರಾಕ್ಕೋದಲ್ಲಿ ಮಕ್ಕಾದ ಸೆಟ್ ಎದ್ದಿತು, ಕಅಬದ ಮಾದರಿ ಕಟ್ಟಿದರು, ಚಿತ್ರೀಕರಣ ಆರು ತಿಂಗಳು ನಡೆಯಿತು. ಅಷ್ಟರಲ್ಲಿ ಮಕ್ಕಾದಲ್ಲಿ ಕೇಂದ್ರ ಇರುವ ಮುಸ್ಲಿಂ ವರ್ಲ್ಡ್ ಲೀಗ್ ಈ ಚಿತ್ರ ಕೂಡದು ಎಂದಿತು. ಅಲ್ ಅಝ್‌ಹರ್ ಕೂಡ ಮೊದಲು ಕೊಟ್ಟ ಒಪ್ಪಿಗೆಯಿಂದ ಹಿಂದೆ ಸರಿಯಿತು. ಕುವೈತ್ ಕೈ ತೆಗೆಯಿತು. ಸೌದಿ ಸರಕಾರ ಮೊರಾಕ್ಕೋದ ದೊರೆ ಎರಡನೇ ಹಸನ್ ಮೇಲೆ ಒತ್ತಡ ಹಾಕಿತು. ಕೆಲಸ ನಿಲ್ಲಿಸಿ ಹೊರಡಿ ಎಂಬ ಆದೇಶ ಬಂತು. ಎರಡು ಭಾಷೆಯ ನಟರು, ತಂತ್ರಜ್ಞರು, ಕುದುರೆ, ಒಂಟೆ, ಅರ್ಧ ಮುಗಿದ ಸಿನಿಮಾ. ಎಲ್ಲಿಗೆ ಹೋಗುವುದು?

ಲಿಬಿಯಾದ ಕರ್ನಲ್ ಗದ್ದಾಫಿ ಬಾಗಿಲು ತೆರೆದರು. ಉಳಿದ ಆರು ತಿಂಗಳ ಕೆಲಸ ಅಲ್ಲಿ ಮುಗಿಯಿತು. ಗದ್ದಾಫಿಯ ಆಡಳಿತದಲ್ಲಿ ಅವರ ಸ್ವಂತ ಜನ ಎಷ್ಟು ಅನುಭವಿಸಿದರು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಆ ಕೈಯಿಂದ ದುಡ್ಡು ಪಡೆದದ್ದು ಅಕ್ಕಾದರ ಹೆಸರಿಗೆ ಅಂಟಿದ ಕಲೆ ಎಂದು ಹೇಳುವವರಿದ್ದಾರೆ. ನನಗೂ ಅದು ಪೂರ್ತಿ ಹಿಡಿಸುವುದಿಲ್ಲ. ಆದರೆ ಬೇರೆ ಯಾರೂ ಜಾಗ ಕೊಡದ ದಿನ ಅವರೇನು ಮಾಡಬೇಕಿತ್ತು ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ.

ವಿರೋಧಿಸಿದ ಉಲಮಾಗಳನ್ನು ತಮಾಷೆ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಅವರ ಮಾತಿನಲ್ಲಿ ತೂಕ ಇತ್ತು. ಇಂದು ಸಹಾಬಿಯ ಪಾತ್ರ ಮಾಡಿದವನು ನಾಳೆ ಇನ್ನೊಂದು ಚಿತ್ರದಲ್ಲಿ ಕುಡುಕನಾಗಿಯೋ ಕಳ್ಳನಾಗಿಯೋ ಬರುತ್ತಾನೆ. ನೋಡಿದ ಮಗುವಿನ ತಲೆಯಲ್ಲಿ ಹಂಝ(ರ) ಯಾರು, ಆ ಕುಡುಕ ಯಾರು? ಈ ಪ್ರಶ್ನೆಗೆ ಅಕ್ಕಾದರ ಬಳಿಯೂ ಪೂರ್ತಿ ಜವಾಬು ಇರಲಿಲ್ಲ ಎಂದೇ ನನ್ನ ಅನಿಸಿಕೆ. ಸಿನಿಮಾ ಜಾಯಿಝೋ ಅಲ್ಲವೋ ಎಂಬ ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಈ ಪುಟ ಅದಕ್ಕೆ ಜಾಗವೂ ಅಲ್ಲ. ಆದರೆ ಓದಿ, ನೋಡಿ, ಯೋಚಿಸಿ ವಿರೋಧಿಸುವುದು ಒಂದು. ನೋಡದೆ, ಯಾರೋ ಹೇಳಿದ ಮಾತು ಹಿಡಿದು ಹೊರಡುವುದು ಇನ್ನೊಂದು. ಅಕ್ಕಾದರಿಗೆ ಹೆಚ್ಚು ಪೆಟ್ಟು ಬಿದ್ದದ್ದು ಈ ಎರಡನೆಯವರಿಂದ.

ಆಂಟನಿ ಕ್ವಿನ್ ಪ್ರವಾದಿಯವರ ಪಾತ್ರ ಮಾಡಿದ್ದಾನಂತೆ ಎಂಬ ಸುಳ್ಳು ಸುದ್ದಿ ಊರೂರು ಹಬ್ಬಿತ್ತು. ವಾಟ್ಸ್ಆ್ಯಪ್ ಇಲ್ಲದ ಕಾಲದಲ್ಲೂ ಸುಳ್ಳಿಗೆ ಕಾಲು ಇತ್ತು, ನೋಡಿ. 1976ರಲ್ಲಿ ಲಂಡನ್‌ನಲ್ಲಿ ಬಿಡುಗಡೆಗೆ ಮುಂಚೆ ಥಿಯೇಟರಿಗೆ ಬೆದರಿಕೆ ಬಂತು, 'ಮುಹಮ್ಮದ್, ಮೆಸೆಂಜರ್ ಆಫ್ ಗಾಡ್' ಎಂದಿದ್ದ ಹೆಸರನ್ನು 'ದಿ ಮೆಸೇಜ್' ಎಂದು ಬದಲಿಸಿದರು. 1977ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ತೆರೆ ಕಾಣುವ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಹನ್ನೆರಡು ಮಂದಿ ಬಂದೂಕುಧಾರಿಗಳು ಮೂರು ಕಟ್ಟಡಗಳಿಗೆ ನುಗ್ಗಿ ಸುಮಾರು 150 ಮಂದಿಯನ್ನು ಒತ್ತೆ ಇಟ್ಟರು. ಅವರ ನಾಯಕ ಹಮಾಸ್ ಅಬ್ದುಲ್ ಖಾಲಿಸ್. ನಾಲ್ಕು ವರ್ಷ ಹಿಂದೆ ಆತನ ಮನೆಗೆ ನುಗ್ಗಿ ಮಕ್ಕಳನ್ನೂ ಬಿಡದೆ ಕೊಂದಿದ್ದರು. ಆ ಕೊಲೆಗಾರರನ್ನು ತನಗೆ ಒಪ್ಪಿಸಬೇಕು ಎಂಬುದು ಆತನ ಮುಖ್ಯ ಬೇಡಿಕೆ. ಜೊತೆಗೆ ಈ ಸಿನಿಮಾ ಇಳಿಸಬೇಕು ಎಂಬುದು ಇನ್ನೊಂದು. ಮೂರು ದಿನ ನಡೆಯಿತು. ಒಬ್ಬ ಯುವ ಪತ್ರಕರ್ತನ ಜೀವ ಹೋಯಿತು. ಈಜಿಪ್ಟ್, ಪಾಕಿಸ್ತಾನ, ಇರಾನ್ ದೇಶಗಳ ರಾಯಭಾರಿಗಳು ಹೋಗಿ ಕೂತು, ಕುರ್‌ಆನ್ ಆಯತ್‌ಗಳನ್ನು ಮುಂದಿಟ್ಟು ಮಾತಾಡಿ ಒತ್ತೆಯಾಳುಗಳನ್ನು ಬಿಡಿಸಿದರು.

ಆತ ಸಿನಿಮಾ ನೋಡಿರಲಿಲ್ಲ. ಪ್ರವಾದಿಯವರನ್ನು ತೋರಿಸಬಾರದು ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಮನುಷ್ಯನ ಚಿತ್ರವನ್ನು, ಪ್ರವಾದಿಯವರನ್ನು ತೋರಿಸಿದ್ದಾರೆ ಎಂಬ ಆರೋಪದ ಮೇಲೆ ನಿಲ್ಲಿಸಲು ಹೊರಟಿದ್ದರು. ಈ ಗಲಾಟೆಯಲ್ಲಿ ಅಮೆರಿಕದ ವ್ಯಾಪಾರ ಮಣ್ಣುಪಾಲಾಯಿತು. ಹಲವು ಅರಬ್ ದೇಶಗಳಲ್ಲಿ ನಿಷೇಧ ಬೇರೆ. ಸಂಗೀತ ಕೊಟ್ಟ ಮೋರಿಸ್ ಝಾರ್ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದೊಂದು ಸಮಾಧಾನ.

ಇದೆಲ್ಲ ಹಳೆಯ ಕಾಲದ್ದು ಅಂದುಕೊಳ್ಳಬೇಡಿ. 2015ರಲ್ಲಿ ಇರಾನಿನ ಮಜೀದ್ ಮಜೀದಿ ಪ್ರವಾದಿಯವರ ಬಾಲ್ಯದ ಚಿತ್ರ ಮಾಡಿದಾಗ ಮುಂಬೈಯ ರಝಾ ಅಕಾಡೆಮಿ ಮಜೀದಿ ಮೇಲೂ, ಸಂಗೀತ ಕೊಟ್ಟ ನಮ್ಮ ಎ.ಆರ್. ರಹ್ಮಾನ್ ಮೇಲೂ ಫತ್ವಾ ತಂದಿತು. ಮಜೀದಿ ಮುಖ ತೋರಿಸಲಿಲ್ಲ, ಆದರೆ ಬಾಲಕನ ಬೆನ್ನು, ಕೈಕಾಲು ತೋರಿಸಿದರು. ಅಕ್ಕಾದ್ ಅಷ್ಟೂ ಮಾಡಿರಲಿಲ್ಲ. ನನಗೆ ಕೇಳಿದರೆ ಅಕ್ಕಾದರ ದಾರಿಯೇ ಸರಿ. ಅದು ಅದಬಿನ ದಾರಿ ಹೌದು, ಕಸುಬಿನ ಲೆಕ್ಕದಲ್ಲೂ ಅದೇ ಮೇಲು. ಕಾಣದ್ದು ಕಂಡದ್ದಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತದೆ.

ಇನ್ನು ಅವರ ಎರಡನೇ ಚಿತ್ರ. ಇದರ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಪಕ್ಷಪಾತ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ನಾಯಕ ಒಬ್ಬ ಮದ್ರಸ ಮೇಷ್ಟ್ರು.

ಲಿಬಿಯಾದ ಉಮರ್ ಮುಖ್ತಾರ್. ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಮುಅಲ್ಲಿಮ್. 1911ರಲ್ಲಿ ಇಟಲಿಯವರು ಲಿಬಿಯಾಕ್ಕೆ ಬಂದಿಳಿದಾಗ ಅವರಿಗೆ ಐವತ್ತರ ಮೇಲೆ ವಯಸ್ಸು. ನಾವಾದರೆ ಆ ವಯಸ್ಸಿಗೆ ಮಂಡಿನೋವು ಅಂತ ಕುರ್ಚಿ ಹುಡುಕುತ್ತೇವೆ. ಅವರು ಕುದುರೆ ಹತ್ತಿದರು, ಇಪ್ಪತ್ತು ವರ್ಷ ಇಳಿಯಲಿಲ್ಲ. ಟ್ಯಾಂಕ್, ವಿಮಾನ ಇದ್ದ ಸೈನ್ಯಕ್ಕೆ ಎದುರಾಗಿ ಹಳೆಯ ಕೋವಿ ಹಿಡಿದ ಬದೂಯಿನ್ ಸವಾರರು. ಮುಸೊಲಿನಿ ಕೊನೆಗೆ ಗ್ರಾಝಿಯಾನಿ ಎಂಬ ಸೇನಾಧಿಕಾರಿಯನ್ನು ಕಳಿಸಿದ. ಊರಿಗೆ ಊರನ್ನೇ ಎಬ್ಬಿಸಿ ಸುಮಾರು ಒಂದು ಲಕ್ಷ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದರು. ಈಜಿಪ್ಟಿನ ಗಡಿಯುದ್ದಕ್ಕೂ ಸುಮಾರು 270 ಕಿಲೋಮೀಟರ್ ತಂತಿ ಬೇಲಿ ಹಾಕಿದರು. 1931ರ ಸೆಪ್ಟೆಂಬರ್‌ನಲ್ಲಿ ಮುಖ್ತಾರ್ ಗಾಯಗೊಂಡು ಸೆರೆಸಿಕ್ಕಿದರು. ಒಂದು ದಿನದ ವಿಚಾರಣೆ. ಸೆಪ್ಟೆಂಬರ್ 16ರಂದು ಸುಲೂಕ್ ಶಿಬಿರದಲ್ಲಿ, ಅವರದೇ ಜನರ ಕಣ್ಣೆದುರು, ಎಪ್ಪತ್ತು ದಾಟಿದ ಆ ಮುದುಕನನ್ನು ಗಲ್ಲಿಗೇರಿಸಿದರು.

'ಲಯನ್ ಆಫ್ ದಿ ಡೆಸರ್ಟ್' 1981ರಲ್ಲಿ ಬಂತು. ಮುಖ್ತಾರ್ ಆಗಿ ಮತ್ತೆ ಆಂಟನಿ ಕ್ವಿನ್, ಗ್ರಾಝಿಯಾನಿಯಾಗಿ ಆಲಿವರ್ ರೀಡ್. ಚಿತ್ರದಲ್ಲಿ ನಾವು ಮುಖ್ತಾರರನ್ನು ಮೊದಲು ಕಾಣುವುದು ಯುದ್ಧದಲ್ಲಿ ಅಲ್ಲ, ಪಾಠ ಹೇಳುವಲ್ಲಿ. ಸೂರ ಅರ್ರಹ್ಮಾನ್‌ನಲ್ಲಿ ಬರುವ ಮೀಝಾನ್, ಅಂದರೆ ತಕ್ಕಡಿಯ ಬಗ್ಗೆ ಮಕ್ಕಳಿಗೆ ವಿವರಿಸುತ್ತಿರುತ್ತಾರೆ. ತಕ್ಕಡಿ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತಾರೆ. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅದೇ ಆಯತ್ತನ್ನು ನಾನೂ ಪಾಠ ಮಾಡುತ್ತೇನೆ. ಮಕ್ಕಳ ಮುಖದಲ್ಲಿ ಆ ಬೆಳಕು ತರಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೆ ಗೊತ್ತು. ಕೊನೆಯಲ್ಲಿ ಗಲ್ಲಿನಿಂದ ಅವರ ಕನ್ನಡಕ ಕೆಳಗೆ ಬೀಳುತ್ತದೆ, ಒಬ್ಬ ಪುಟ್ಟ ಹುಡುಗ ಬಂದು ಎತ್ತಿಕೊಳ್ಳುತ್ತಾನೆ. ಅಕ್ಕಾದ್ ಅಲ್ಲಿ ಮಾತು ಹಾಕಲಿಲ್ಲ.

ಈ ಚಿತ್ರಕ್ಕೆ ಖರ್ಚಾದದ್ದು 3.5 ಕೋಟಿ ಡಾಲರ್, ಅದೂ ಗದ್ದಾಫಿಯ ದುಡ್ಡು. ಅಮೆರಿಕದಲ್ಲಿ ಬಂದ ಗಳಿಕೆ ಹತ್ತು ಲಕ್ಷ ಡಾಲರ್ ಆಸುಪಾಸು. ಗದ್ದಾಫಿ ದುಡ್ಡಿನ ಚಿತ್ರ ಎಂಬ ಕಾರಣಕ್ಕೇ ಅಲ್ಲಿ ಎಷ್ಟೋ ಮಂದಿ ಮುಖ ತಿರುಗಿಸಿದರು. ಇಟಲಿ 1982ರಲ್ಲಿ ತನ್ನ ಸೈನ್ಯದ ಮಾನಕ್ಕೆ ಕುಂದು ಎಂದು ಅದನ್ನು ನಿಷೇಧಿಸಿತು. ಅಲ್ಲಿನ ಟಿ.ವಿ.ಯಲ್ಲಿ ಅದು ಬಂದದ್ದು 2009ರಲ್ಲಿ, ಗದ್ದಾಫಿ ರೋಮ್‌ಗೆ ಹೋದಾಗ. ಮೊದಲನೆಯ ಚಿತ್ರಕ್ಕೆ ನಮ್ಮವರು ಅಡ್ಡಿ, ಎರಡನೆಯದಕ್ಕೆ ಅವರು.

ಹಾಗಾದರೆ ಅಕ್ಕಾದ್ ಹೊಟ್ಟೆಗೆ ಏನು ಮಾಡಿದರು? ಇದನ್ನು ಮುಚ್ಚಿಟ್ಟು ಬರೆದರೆ ಅರ್ಧ ಸತ್ಯವಾಗುತ್ತದೆ. 1978ರಲ್ಲಿ ಜಾನ್ ಕಾರ್ಪೆಂಟರ್ ಎಂಬ ಎಳೆಯ ನಿರ್ದೇಶಕನಿಗೆ ಸುಮಾರು ಮೂರು ಲಕ್ಷ ಡಾಲರ್ ಕೊಟ್ಟು ಒಂದು ಚಿತ್ರ ಮಾಡಿಸಿದರು. ಹೆಸರು 'ಹ್ಯಾಲೋವೀನ್'. ಮುಖವಾಡ ಹಾಕಿದ ಕೊಲೆಗಾರ ಚಾಕು ಹಿಡಿದು ಅಡ್ಡಾಡುವ ಭಯದ ಚಿತ್ರ. ಅದು ಜಗತ್ತಿನಾದ್ಯಂತ ಏಳು ಕೋಟಿ ಡಾಲರ್ ತಂದಿತು. ಮುಂದೆ ಭಾಗ ಎರಡು, ಭಾಗ ಮೂರು ಅಂತ 2002ರ ತನಕ ಎಂಟು ಚಿತ್ರಗಳು, ಎಲ್ಲಕ್ಕೂ ಅಕ್ಕಾದರ ಹೆಸರು. ಅಮೆರಿಕದಲ್ಲಿ ಇಂದಿಗೂ ಅವರನ್ನು ಗುರುತಿಸುವುದು ಈ ಚಿತ್ರಗಳಿಂದಲೇ. ನಮ್ಮ ಮನೆಗಳಲ್ಲಿ ಕೂತು ನೋಡುವಂಥದ್ದಲ್ಲ, ನೋಡಿ ಎಂದು ನಾನು ಹೇಳುವುದೂ ಇಲ್ಲ. ಬದ್ರ್, ಉಹುದ್ ತೋರಿಸಿದ ಕೈ ಇದಕ್ಕೂ ಸಹಿ ಹಾಕಿತಲ್ಲ ಎಂದು ಬೇಸರವೂ ಆಗುತ್ತದೆ. ಬೆಳಿಗ್ಗೆ ಮದ್ರಸದಲ್ಲಿ ಪಾಠ ಹೇಳಿ ಸಂಜೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಹಿಡಿಯುವ ಉಸ್ತಾದರನ್ನು ನಾವು ಬಲ್ಲೆವು. ಆದರೆ ಈ ಹೋಲಿಕೆಯನ್ನು ಜಾಸ್ತಿ ಎಳೆಯಲಿಕ್ಕಾಗದು, ಅಂಗಡಿಯ ಅಕ್ಕಿಯಿಂದ ಯಾರೂ ರಾತ್ರಿ ಹೆದರಿ ಏಳುವುದಿಲ್ಲ.

ಅವರ ಕೊನೆಯ ಕನಸು ಸಲಾಹುದ್ದೀನ್ ಅಯ್ಯೂಬಿ. ಜೆರುಸಲೇಮ್ ಗೆದ್ದ ಮೇಲೂ ಸೋತವರ ಮೇಲೆ ಸೇಡು ತೀರಿಸಿಕೊಳ್ಳದ ಸುಲ್ತಾನ. ಶಾನ್ ಕಾನರಿ ಆ ಪಾತ್ರ ಮಾಡಬೇಕೆಂಬ ಮಾತಿತ್ತು. 2001ರ ಸೆಪ್ಟೆಂಬರ್ 11ರ ನಂತರ ಮುಸ್ಲಿಂ ಎಂದರೆ ಭಯೋತ್ಪಾದಕ ಎನ್ನುವ ಕಾಲ ಬಂದಾಗ, ಇಸ್ಲಾಂ ಏನು ಎಂದು ಹೇಳಲು ಸಲಾಹುದ್ದೀನರಿಗಿಂತ ಒಳ್ಳೆಯ ಕಥೆ ಇಲ್ಲ ಎಂದು ಅವರು ನಂಬಿದ್ದರು. ದುಡ್ಡು ಹುಡುಕುತ್ತಾ ವರ್ಷಗಳು ಹೋದವು.

2005ರ ನವೆಂಬರ್ 9. ಜೋರ್ಡಾನ್‌ನ ಅಮ್ಮಾನ್ ನಗರ. ಮದುವೆಯೊಂದಕ್ಕೆ ಹೋಗಲು ಅಕ್ಕಾದ್ ಅಲ್ಲಿದ್ದರು. ಮಗಳು ರೀಮಾ ಬೈರೂತ್‌ನಿಂದ ಬಂದಳು, 34 ವರ್ಷ, ಇಬ್ಬರು ಗಂಡುಮಕ್ಕಳ ಉಮ್ಮ. ಹೋಟೆಲಿನ ಲಾಬಿಯಲ್ಲಿ ಬಾಪ ಮಗಳನ್ನು ಎದುರುಗೊಂಡರು. ಅದೇ ಹೊತ್ತಿಗೆ ಮೈಗೆ ಬಾಂಬು ಕಟ್ಟಿಕೊಂಡು ಬಂದವನೊಬ್ಬ ಅಲ್ಲೇ ಸಿಡಿಸಿಕೊಂಡ. ಆ ರಾತ್ರಿ ಅಮ್ಮಾನ್‌ನ ಮೂರು ಹೋಟೆಲ್‌ಗಳಲ್ಲಿ ಬಾಂಬು ಸಿಡಿಯಿತು. ಒಂದರಲ್ಲಂತೂ ಮದುವೆಯ ಚಪ್ಪರಕ್ಕೇ ನುಗ್ಗಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಹೋದರು, ಹೆಚ್ಚಿನವರು ಮುಸ್ಲಿಮರು. ಇರಾಕ್‌ನ ಅಲ್ ಖೈದಾ ತಾನೇ ಮಾಡಿದ್ದು ಎಂದು ಹೇಳಿಕೊಂಡಿತು. ರೀಮಾ ತೀರಿಕೊಂಡಳು. ಎರಡು ದಿನ ಕಳೆದು, ನವೆಂಬರ್ 11ರಂದು, ಆಸ್ಪತ್ರೆಯಲ್ಲಿ ಬಾಪನೂ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. 75 ವರ್ಷ ಆಗಿತ್ತು. ಮಯ್ಯಿತ್ತನ್ನು ಹಲಬ್‌ಗೆ ತಂದು ದಫನ್ ಮಾಡಿದರು.

ಜೀವಮಾನವಿಡೀ ಪಶ್ಚಿಮದವರಿಗೆ ಇಸ್ಲಾಂ ಎಂದರೆ ಇದಲ್ಲ ಎಂದು ಹೇಳಿದ ಮನುಷ್ಯನನ್ನು ಇಸ್ಲಾಮಿನ ಹೆಸರು ಹೇಳಿಕೊಂಡವರೇ ಕೊಂದರು. ಇದನ್ನು ಬರೆಯುವಾಗ ನನಗೆ ವಾಷಿಂಗ್ಟನ್‌ನ ಆ ಮೂರು ದಿನ ನೆನಪಾಗುತ್ತದೆ. ಅಮ್ಮಾನ್‌ನ ಕೊಲೆಗಾರನಿಗೆ ಲಾಬಿಯಲ್ಲಿ ನಿಂತವರು ಯಾರು ಎಂದೇ ಗೊತ್ತಿರಲಿಲ್ಲ. ಗೊತ್ತಿದ್ದರೂ ವ್ಯತ್ಯಾಸ ಆಗುತ್ತಿತ್ತೋ ಏನೋ.

ಸಲಾಹುದ್ದೀನ್ ಚಿತ್ರ ಆಗಲಿಲ್ಲ. ಮಗ ಮಾಲಿಕ್ ಬಾಪನ ಕಂಪೆನಿ ನೋಡಿಕೊಂಡರು, 'ದಿ ಮೆಸೇಜ್'ನ ಹಳೆಯ ರೀಲುಗಳನ್ನು ಹೊಸ ತಂತ್ರಜ್ಞಾನದಲ್ಲಿ ಶುಚಿ ಮಾಡಿಸಿದರು. 2018ರಲ್ಲಿ ಸೌದಿ ಅರೇಬಿಯಾ ಮೂವತ್ತೈದು ವರ್ಷಗಳ ನಂತರ ಥಿಯೇಟರ್ ಬಾಗಿಲು ತೆರೆಯಿತು. ಆ ವರ್ಷದ ಈದುಲ್ ಫಿತ್ರ್‌ಗೆ, ಯಾವ ದೇಶದ ಒತ್ತಡದಿಂದ ಸೆಟ್ ಬಿಟ್ಟು ಓಡಬೇಕಾಯಿತೋ ಅದೇ ದೇಶದಲ್ಲಿ, ಟಿಕೆಟ್ ಕೊಟ್ಟು ಜನ ಅಕ್ಕಾದರ ಅರಬಿ ಚಿತ್ರ ನೋಡಿದರು.

ಮನೆಯಲ್ಲಿ ನೋಡುವುದಾದರೆ ಅರಬಿಯದ್ದನ್ನೇ ನೋಡಿ, ಸಬ್‌ಟೈಟಲ್ ಇರುವುದು ಸಿಗುತ್ತದೆ. ಮೂರು ಗಂಟೆಗೂ ಹೆಚ್ಚು ಇದೆ, ಒಂದೇ ಸಲಕ್ಕೆ ಕೂರಲು ಮಕ್ಕಳಿಗೆ ಆಗದು, ಹಿಜ್‌ರದ ತನಕ ಒಂದು ದಿನ, ಉಳಿದದ್ದು ಮರುದಿನ. ಉಹುದ್‌ನಲ್ಲಿ ಹಂಝ(ರ) ಶಹೀದರಾದ ಮೇಲಿನ ದೃಶ್ಯ ಬರುವಾಗ ಹತ್ತರ ಕೆಳಗಿನ ಮಕ್ಕಳನ್ನು ಚಹಾ ತರಲಿಕ್ಕೆ ಒಳಗೆ ಕಳಿಸಿ. ನಜಾಶಿ ರಾಜನ ಮುಂದೆ ಜಅಫರ್(ರ) ಸೂರ ಮರ್ಯಮ್ ಓದುವ ಭಾಗಕ್ಕೆ ಅವರನ್ನು ಹತ್ತಿರ ಕೂರಿಸಿಕೊಳ್ಳಿ.